ಬೋರಲು ಮಲಗದ ಏರ್‌ಬ್ಯಾಗ್

ಮೆಕ್ಯಾನಿಕ್ ದ್ಯಾವಪ್ಪ ಬ್ಯಾಟರಿಯ ವೈರು ಬಿಚ್ಚಿ, ಸ್ವಲ್ಪ ಹೊತ್ತು ಕಾದು, ಕಾರಿನ ಸ್ಟೀರಿಂಗಿನಿಂದ ಏರ್‌ಬ್ಯಾಗನ್ನು ಹುಷಾರಾಗಿ ಕಳಚಿದ. ಅದರ ಹಿಂದಿದ್ದ ವೈರಿನ ಸುರುಳಿಯನ್ನು ಬದಲಾಯಿಸಬೇಕಿತ್ತು. ಏರ್‌ಬ್ಯಾಗಿನ ಮುಖಕ್ಕೆ ಗೀರು ಬೀಳದಿರಲೆಂದು ಅದನ್ನು ಬೆಂಚಿನ ಗೋಣಿತಾಟಿನ ಮೇಲೆ ಬೋರಲು ಹಾಕಿದ. ಅದು ಹೊರಳಿ ಅಂಗಾತವಾಯಿತು.

"ನನ್ನ ಮೇಲೆ ಎಲ್ಲರೂ ಬೋರಲೇ ಮಲಗುವುದು," ಎಂದಿತು ಗೋಣಿತಾಟು. "ಹೆಡ್‌ಲೈಟು ಮಲಗಿದೆ, ಮೀಟರು ಮಲಗಿದೆ. ನಿನ್ನದೇನು ದೊಡ್ಡಸ್ತಿಕೆ?"

"ನಾನು ಬೋರಲು ಮಲಗುವವನಲ್ಲ."

ದ್ಯಾವಪ್ಪ ಮತ್ತೆ ಬೋರಲು ಹಾಕಿದ. ಏರ್‌ಬ್ಯಾಗ್ ಮತ್ತೆ ಹೊರಳಿತು. "ಹಟಮಾರಿ! ಹಂಗೇ ಬಿದ್ದಿರು," ಎಂದು ಬೈದು ಅವನು ಕಾರಿನತ್ತ ನಡೆದ.

"ತಲೆ ತಗ್ಗಿಸಿದರೆ ನಿನ್ನ ಗಂಟೇನು ಹೋಗುತ್ತದೆ?" ಎಂದಿತು ಗೋಣಿತಾಟು.

"ನನ್ನದೇನೂ ಹೋಗುವುದಿಲ್ಲ. ನನ್ನ ಹೊಟ್ಟೆಯಲ್ಲಿ ಸಿಡಿಮದ್ದಿದೆ. ನನ್ನ ಮುಖ ಮೆತ್ತಗಿನದು, ಬೆನ್ನು ಕಬ್ಬಿಣದ್ದು. ನಿನಗೆ ತಲೆಬಾಗಿ ಮಲಗಿದಾಗ ಸಿಡಿದರೆ, ಮುಖದಿಂದ ಚಿಮ್ಮುವ ಚೀಲ ಬೆಂಚಿಗೆ ಒದ್ದು ಆ ಕಬ್ಬಿಣವನ್ನು ದ್ಯಾವಪ್ಪನ ಎದೆಗೇ ಹಾರಿಸುತ್ತದೆ. ಸೊಕ್ಕು ಎಂದು ಬೇಕಾದರೆ ಬೈದುಕೋ, ನಾನು ಮಾತ್ರ ಬೋರಲಾಗುವುದಿಲ್ಲ."

ಕರೆಂಟು ಹರಿಯುತ್ತದೋ ಇಲ್ಲವೋ ಎಂದು ಕಂಡವರ ವೈರಿನಲ್ಲೆಲ್ಲ ಮೂಗು ತೂರಿಸುವ ಟೆಸ್ಟ್ ಲ್ಯಾಂಪು ಪಕ್ಕದಲ್ಲೇ ಇನ್ನೊಂದು ಬ್ಯಾಟರಿಗೆ ಅಂಟಿಕೊಂಡಿತ್ತು. ದ್ಯಾವಪ್ಪ ಸ್ಪ್ಯಾನರ್ ತೆಗೆದುಕೊಳ್ಳಲು ಬೆಂಚಿನ ಬಳಿ ಬಂದ ಹೊತ್ತಿಗೇ ಅದು, "ನಿಜವೋ ಸುಳ್ಳೋ ನೋಡೇ ಬಿಡೋಣ," ಎಂದು ಏರ್‌ಬ್ಯಾಗಿನ ವೈರು ಮುಟ್ಟಿತು.

ಢಮ್ಮೆಂದಿತು. ಬಿಳಿ ಚೀಲ ಮೇಲಕ್ಕೆ ಚಿಮ್ಮಿ, ಬರಿಗಾಳಿಯನ್ನು ಗುದ್ದಿ, ಕುಸಿದು ಬಿತ್ತು. ಕಬ್ಬಿಣ ಗೋಣಿತಾಟಿನ ಮೇಲೆಯೇ ಉಳಿಯಿತು. ದ್ಯಾವಪ್ಪ ಎದೆ ಮುಟ್ಟಿಕೊಳ್ಳುತ್ತಾ ನಿಂತ.

ಮರುದಿನ ಹೊಸ ಏರ್‌ಬ್ಯಾಗ್ ಬಂತು. ಹಿರಿಯ ಗೋಣಿತಾಟನ್ನು ಕಂಡು ವಿನಯದಿಂದ ಬೋರಲಾಗಲು ಹೊರಟಿತು.

"ತಲೆ ಎತ್ತು!" ಎಂದು ಗದರಿತು ಗೋಣಿತಾಟು.