ಅರವತ್ತರ ಎಣಿಕೆ

“ಹನ್ನೆರಡು ವರ್ಷ ಒಂದು ದಿನವೂ ತಪ್ಪದೆ ತನ್ನ ಸಾಮಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟ ಪೈಲ್ವಾನನೊಬ್ಬ, ಆ ಪುಸ್ತಕವನ್ನು ಒಂದು ದಿನ ಮುಚ್ಚಿದವನು ಮತ್ತೆ ತೆರೆಯಲೇ ಇಲ್ಲ. ಏನಾಗಿರಬಹುದು, ಊಹಿಸಿ ಹೇಳು ನೋಡೋಣ” ಎಂದರು ಉಸ್ತಾದರು.

ಕೇಳಿದ್ದು ಚೆಲುವರಾಜನನ್ನು. ಅವನು ಗರಡಿಗೆ ಸೇರಿ ಎರಡು ವರ್ಷವಾಗಿತ್ತು. ಎಷ್ಟು ದಂಡ ಹೊಡೆದೆ, ಎಷ್ಟು ಬಸ್ಕಿ ತೆಗೆದೆ, ಯಾವ ಪಟ್ಟು ಎಷ್ಟು ಎಣಿಸುವವರೆಗೆ ನಿಂತಿತು, ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದ. ಅದನ್ನು ಉಸ್ತಾದರ ಮುಂದಿಟ್ಟು, ಹೀಗೆ ಬರೆಯುವುದು ಒಳ್ಳೆಯದಲ್ಲವೇ ಎಂದು ಕೇಳಿ ಶಹಭಾಸ್‌ಗಿರಿಗೆ ಕಾದಿದ್ದ. ಉಸ್ತಾದರು ನೋಡಿದ್ದು ಕಡೆಯ ಸಾಲೊಂದನ್ನೇ. ‘ತೋಳಿನ ಪಟ್ಟು, ನಲವತ್ತು. ನಾಳೆ ಐವತ್ತು ಆಗಲೇಬೇಕು’ ಎಂದಿತ್ತು.

ಪೈಲ್ವಾನ ಸೋತಿರಬೇಕು ಎಂದ ಚೆಲುವರಾಜ. ಅಲ್ಲ ಎಂದರು. ಹಾಗಾದರೆ ಕಾಯಿಲೆ ಬಿದ್ದಿರಬೇಕು ಎಂದ. ಅದೂ ಅಲ್ಲ ಎಂದು ಉಸ್ತಾದರು ಕತೆ ಹೇಳಿದರು.

ಆ ಪೈಲ್ವಾನನಿಗೆ ಜೋಡಿಯಾಗಿ ಒಬ್ಬ ನೇಕಾರನಿದ್ದ. ನೇಕಾರ ಕುಸ್ತಿಯ ಕಣಕ್ಕೆ ಇಳಿದವನಲ್ಲ. ಮಗ್ಗಕ್ಕೆ ಕೂರುವ ಮೊದಲು ಬೆಳಗ್ಗೆ ಬಂದು, ಗೆಳೆಯನ ಪಟ್ಟುಗಳಿಗೆ ಮೈಕೊಟ್ಟು, ಮಣ್ಣು ಕೊಡವಿಕೊಂಡು ಹೋಗುವವನು. ಕೆಳಗಿದ್ದವನು ಮಣ್ಣು ತಟ್ಟಿದರೆ ಮೇಲಿದ್ದವನು ಹಿಡಿತ ಬಿಡಬೇಕು ಎಂಬುದು ಆ ಗರಡಿಯ ಕಟ್ಟಳೆ. ಆ ನಂಬಿಕೆಯ ಮೇಲೆಯೇ ಅವನು ತೋಳು ಕೊಡುತ್ತಿದ್ದದ್ದು. ಆಗಾಗ ಛೇಡಿಸುತ್ತಿದ್ದ: “ನಿನ್ನ ಪುಸ್ತಕದಲ್ಲಿ ನನ್ನ ಹೆಸರೂ ಇದೆಯೇನಯ್ಯಾ, ಇಲ್ಲ ಬರೀ ನನ್ನ ತೋಳಷ್ಟೇ ಇದೆಯೋ?”

ಅವನ ಹೆಸರು ಪುಸ್ತಕದಲ್ಲಿರಲಿಲ್ಲ. ಅಂಕಿಗಳಿದ್ದವು. ಮೂವತ್ತು ನಲವತ್ತಾಗಿ, ನಲವತ್ತು ಐವತ್ತಾಗಿ, ಐವತ್ತಕ್ಕೇ ತಿಂಗಳುಗಟ್ಟಲೆ ನಿಂತುಬಿಟ್ಟಿತ್ತು. ಪೈಲ್ವಾನನಿಗೆ ಊಟ ಸೇರದು, ನಿದ್ದೆ ಹತ್ತದು. ಒಂದು ಬೆಳಗ್ಗೆ ಹಿಡಿತ ಐವತ್ತನ್ನು ದಾಟಿತು. ಕೆಳಗೆ ನೇಕಾರ ಮಣ್ಣು ತಟ್ಟಿದ. ಹಿಡಿತ ಬಿಡಲಿಲ್ಲ. ಅರವತ್ತಕ್ಕೆ ಬಿಟ್ಟಾಗ ನೇಕಾರನ ಬಲಗೈ ತನ್ನದಲ್ಲವೆಂಬಂತೆ ಮಣ್ಣಿನ ಮೇಲೆ ಬಿತ್ತು. ಅವನನ್ನು ವೈದ್ಯರ ಮನೆಗೆ ಮುಟ್ಟಿಸಿ ಬಂದು ಪೈಲ್ವಾನ ‘ಅರವತ್ತು’ ಎಂದು ಬರೆದ.

ಎಂಟು ದಿನ ಕಳೆದು ನೇಕಾರ ಕೈಗೆ ಪಟ್ಟಿ ಕಟ್ಟಿಕೊಂಡು ಬಂದ. ಅವನು ಕೇಳಿದ್ದು ಒಂದೇ ಮಾತು. “ನಾನು ತಟ್ಟಿದ್ದು ನಿನಗೆ ಕೇಳಿಸಲಿಲ್ಲ, ಅಲ್ಲವೇನಯ್ಯಾ?”

“ಇಲ್ಲ ಕಣೋ.”

“ಅದನ್ನೇ ಮನೆಯಲ್ಲೂ ಹೇಳಿದೆ. ಮಣ್ಣು ಹೊಸದು, ಮೆತ್ತಗಿತ್ತು.”

ಪುಸ್ತಕ ಮುಚ್ಚಿದ್ದು ಅಂದೇ. ಆ ಕೈ ಮತ್ತೆ ಲಾಳಿ ಆಡಿಸಲಿಲ್ಲ. ನೇಕಾರ ಮಗ್ಗ ಮಾರಿ ಒಂದು ಛತ್ರದ ಬಾಗಿಲು ಕಾಯುವ ಕೆಲಸಕ್ಕೆ ಸೇರಿದ. ಪೈಲ್ವಾನ ಗೆದ್ದು ಗೆದ್ದು ಹೆಸರು ಮಾಡಿದ. ಯಾರಾದರೂ ಅವನನ್ನು ಆಡಿಕೊಂಡರೆ ನೇಕಾರನೇ ಅಡ್ಡ ಬರುತ್ತಿದ್ದ, ಪಾಪ ಅವನಿಗೆ ಕೇಳಿಸಲಿಲ್ಲ ಎನ್ನುತ್ತಿದ್ದ. ಸಾಯುವವರೆಗೂ ಅದನ್ನೇ ಹೇಳಿಕೊಂಡು ಸತ್ತ.

ಚೆಲುವರಾಜನಿಗೆ ಸಮಾಧಾನವಾಗಲಿಲ್ಲ. ಕತೆಯಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಿದ. “ನಿಜವಾಗಿಯೂ ಕೇಳಿಸದೇ ಹೋಗಿದ್ದರೆ, ಅವನದೇನು ತಪ್ಪು ಉಸ್ತಾದರೇ?”

ಉಸ್ತಾದರು ನೋಟುಬುಕ್ಕನ್ನು ಅವನ ಕೈಗಿಟ್ಟರು.

“ನಾನು ಹಿಡಿತ ಬಿಡದೆ ಐವತ್ತೊಂದು ಎಣಿಸುವಾಗ ಒಮ್ಮೆ ತಟ್ಟಿದ, ಐವತ್ತಾರಕ್ಕೆ ಇನ್ನೊಮ್ಮೆ, ಐವತ್ತೊಂಬತ್ತಕ್ಕೆ ಮತ್ತೊಮ್ಮೆ, ಅವತ್ತು ಸಾವಿರದ ಒಂಬೈನೂರ ಎಪ್ಪತ್ತೊಂದನೆಯ ಇಸವಿ, ಮಾರ್ಚ್ ಹತ್ತು, ಬುಧವಾರ.”