ಇಂಗ್ಲಿಷ್ ಎಂಎ ಮಾರಿದ ಸೀರೆ

ಇಂಗ್ಲಿಷ್ ಎಂಎ ಮಾಡಿದವರು ಮೇಷ್ಟರಾಗಬಹುದು, ವ್ಯಾಪಾರ ಅವರಿಂದಾಗದು ಎಂದು ಆಗ ಎಲ್ಲರೂ ನಂಬಿದ್ದರು.

ದಾವಣಗೆರೆಯ ಸೀರೆ ಅಂಗಡಿಯ ಸಾಹುಕಾರ ಗುರುಶಾಂತಪ್ಪನವರು, ಇಂಗ್ಲಿಷ್ ಎಂಎ ಮುಗಿಸಿ ಕೆಲಸ ಕೇಳಿ ಬಂದ ಹುಡುಗಿಯ ಮುಂದೆ ವರ್ಷಗಳಿಂದ ಬಿಕರಿಯಾಗದ ಸೀರೆಯೊಂದನ್ನು ಎಸೆದರು. "ನಾಟಕ ಓದಿದೀಯಲ್ಲಮ್ಮ, ಸಂಜೆಯೊಳಗೆ ಇದನ್ನು ಮಾರು. ಆಗದಿದ್ದರೆ ಕೆಲಸವಿಲ್ಲ."

ಬೇಡವೆಂದದ್ದನ್ನೇ ಮನುಷ್ಯ ಬಯಸುತ್ತಾನೆಂದು ಅವಳು ಓದಿದ ನಾಟಕಗಳೆಲ್ಲ ಹೇಳಿದ್ದವು. ಸೀರೆಯನ್ನು ಗಾಜಿನ ಕಪಾಟಿನಲ್ಲಿಟ್ಟಳು. ಕೇಳಿದವರಿಗೆಲ್ಲ ಒಂದೇ ಮಾತು: "ಅದು ಬೇಡ ಅಕ್ಕ, ಎಲ್ಲರಿಗೂ ಒಪ್ಪಲ್ಲ."

ಮಧ್ಯಾಹ್ನಕ್ಕೆ ಕಪಾಟಿನ ಮುಂದೆ ಹೆಂಗಸರ ಜಗಳ ಹತ್ತಿತು.

"ಮೊದಲು ಕೇಳಿದ್ದು ನಾನು!"

"ನಿಮಗೆ ಒಪ್ಪಲ್ಲ ಅಂದಳಲ್ಲರೀ!"

ಸಾಹುಕಾರರು ಗಲ್ಲಾ ಬಿಟ್ಟು ಓಡಿಬಂದರು. "ಯಾರಿಗೂ ಕೊಡಬೇಡ! ನಮ್ಮ ಮನೆಯವಳಿಗೆ ಒಪ್ಪುತ್ತೇನಮ್ಮ?"

"ಹೇಳೋದು ಕಷ್ಟ ಸಾರ್."

ತಮ್ಮದೇ ಗಲ್ಲಾಕ್ಕೆ ಪೂರ್ತಿ ದುಡ್ಡು ಹಾಕಿ ಆ ಸೀರೆ ಒಯ್ದವರು ಗುರುಶಾಂತಪ್ಪನವರೇ.