ಹಿಂಬಾಗಿಲಿಲ್ಲದ ಅಂಗಡಿ

ಒಂದು ಕಾಡಿನಲ್ಲಿ ಚೂಪಯ್ಯ ಎಂಬ ಮುದಿ ಮುಳ್ಳುಹಂದಿ ಇದ್ದ. ಅವನು ಯಾರನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಮುಳ್ಳುಹಂದಿಗಳ ಕುಲವೇ ಹಾಗೆ. ಬಿಲ ತೋಡಿದರೆ ಎರಡು ಬಾಯಿ ತೋಡುತ್ತವೆ. ಒಂದು ಒಳಗೆ ಹೋಗಲು, ಒಂದು ತಪ್ಪಿಸಿಕೊಂಡು ಓಡಲು. ಒಂದೇ ಬಾಯಿ ಇದ್ದರೆ ಅದು ಬಿಲವಲ್ಲ, ಬೋನು. ಮರಿಗಳಿಗೆ ಮೊದಲು ಕಲಿಸುವ ಪಾಠವೇ ಅದು.

ಚೂಪಯ್ಯನ ಬಿಲಕ್ಕೂ ಎರಡು ಬಾಯಿ. ಮೂಡಣ ಕಡೆಯದರಲ್ಲಿ ಅವನು ಓಡಾಡುತ್ತಿದ್ದ. ಪಡುವಣ ಕಡೆಯದರಲ್ಲಿ ಹೆಂಡತಿ ತುಂಗವ್ವ. ಹೋದ ಬೇಸಿಗೆಯಲ್ಲಿ ತುಂಗವ್ವ ತೀರಿಹೋದಳು.

ಉಳಿದದ್ದು ಅವಳ ದನಿ ಒಂದೇ. ಅದು ಕಂಪ್ಯೂಟರಿನಲ್ಲಿತ್ತು. ಕಂಪ್ಯೂಟರಿನ ಒಂದು ಮೂಲೆಯನ್ನು ಅವಳು ಕಡಿದು ಕಡಿದು ಮೊಂಡು ಮಾಡಿದ್ದಳು. ಹಲ್ಲು ತುರಿಸಿದರೆ ಅವಳಿಗೆ ಯಾವುದಾದರೂ ಒಂದೇ. ಗಂಡನಿಗೆ ಮರೆವು ಎಂದು ಗೆಡ್ಡೆ ಗೆಣಸಿನ ಜಾಗಗಳನ್ನೆಲ್ಲ ಹೇಳಿ ಹೇಳಿ ಅದರಲ್ಲಿ ಹಿಡಿದಿಟ್ಟಿದ್ದಳು. ಚೂಪಯ್ಯ ದಿನಾ ಮುಸ್ಸಂಜೆ ಅದನ್ನು ಹಾಕಿಕೊಂಡು ಕೂರುತ್ತಿದ್ದ.

"ಏನೂಂದ್ರೆ, ಕೇಳುಸ್ತಾ? ಹುತ್ತದ ಪಕ್ಕ ಅಗೀಬೇಡಿ. ಅಲ್ಲಿ ಹಾವಿದೆ. ಹೋದ ಸಲ ಹೇಳಿದ್ದೆ, ಮರ್ತಿರ್ತೀರ."

ಕೊನೆಯ ಮಾತು ಬರುವ ಮುಂಚೆ ಅವನು ನಿಲ್ಲಿಸಿಬಿಡುತ್ತಿದ್ದ. ಅದೇನೆಂದು ಅವನಿಗೆ ಗೊತ್ತಿತ್ತು.

ಕಂಪ್ಯೂಟರನ್ನು ನಡೆಸಲು ಅದರೊಳಗೆ ಒಂದು ವ್ಯವಸ್ಥೆ ಬೇಕು. ಆ ಕಾಡಿನ ಎಲ್ಲ ಕಂಪ್ಯೂಟರುಗಳಲ್ಲಿ ಇದ್ದದ್ದು 'ಕಸ್ತೂರಿ' ಎಂಬ ಒಂದೇ ವ್ಯವಸ್ಥೆ. ಅದನ್ನು ಮಾರುತ್ತಿದ್ದವನು ಪರಿಮಳಯ್ಯ, ಒಂದು ಪುನುಗು ಬೆಕ್ಕು. ಕಲ್ಲುಗವಿಯಲ್ಲಿ ಅವನ ಅಂಗಡಿ. ಒಳಗೆ ಕಾಲಿಟ್ಟರೆ ಘಮಘಮ. ಆ ಘಮದಲ್ಲಿ ಬೇರೆ ಯಾವ ವಾಸನೆಯೂ ಮೂಗಿಗೆ ಸಿಗುತ್ತಿರಲಿಲ್ಲ.

ಒಂದು ದಿನ ಪರಿಮಳಯ್ಯ ಡಂಗುರ ಹೊಡೆಸಿದ. "ಬರೋ ಚಳಿಗಾಲ ಮುಗಿದ ಮೇಲೆ ಹಳೇ ಕಸ್ತೂರಿ ನಿಲ್ಲುತ್ತೆ! ಹೊಸ ಕಸ್ತೂರಿಯನ್ನ ಹಳೇ ಕಂಪ್ಯೂಟರ್ ಹೊರಲ್ಲ! ಸತ್ತ ಕಂಪ್ಯೂಟರ್ ಮನೇಲಿ ಇಟ್ಕೊಂಡ್ರೆ ಕೇಡು! ತಂದು ಕೊಡಿ, ಶಾಸ್ತ್ರೋಕ್ತವಾಗಿ ಮಣ್ಣು ಮಾಡ್ತೀನಿ! ಹೊಸದು ತಗೊಂಡು ಹೋಗಿ!"

ಪ್ರಾಣಿಗಳು ಹೆದರಿದವು. ಕರಡಿ ದೊಡ್ಡೀರಪ್ಪ ಎಲ್ಲರಿಗಿಂತ ಮುಂಚೆ ಓಡಿದ. ಹಳೆಯ ಕಂಪ್ಯೂಟರ್ ಕೊಟ್ಟ. ಗೂಡುಗೂಡೇ ಜೇನು ಕೊಟ್ಟು ಹೊಸದು ತಂದ.

ಚೂಪಯ್ಯ ಬರಿಗೈಯಲ್ಲಿ ಹೋದ.

"ಬನ್ನಿ ಯಜಮಾನ್ರೇ. ಕಂಪ್ಯೂಟರ್ ಎಲ್ಲಿ?" ಎಂದ ಪರಿಮಳಯ್ಯ.

"ಮನೇಲಿದೆ. ಅದು ಚೆನ್ನಾಗೇ ಓಡ್ತಿದೆಯಲ್ಲ."

"ಇವತ್ತು ಓಡುತ್ತೆ. ನಾಳೆ ಮಲಗುತ್ತೆ."

"ಅದರಲ್ಲಿ ನನ್ನವಳ ದನಿ ಇದೆ."

"ಅದಕ್ಕೇನಂತೆ? ದನಿ ಬೇರೆ ತೆಗೆದಿಟ್ಕೊಳ್ತೀನಿ, ನನ್ನ ಹತ್ರ ಭದ್ರವಾಗಿರುತ್ತೆ. ಹುಣ್ಣಿಮೆ ಹುಣ್ಣಿಮೆಗೆ ಒಂದಿಷ್ಟು ಗೆಡ್ಡೆ ತಂದುಕೊಟ್ಟು ಕೇಳ್ಕೊಂಡು ಹೋಗಿ."

ಚೂಪಯ್ಯ ಗವಿಯ ಸುತ್ತ ಕಣ್ಣಾಡಿಸಿದ. ಮೂಗು ಅರಳಿಸಿದ. ಬರೀ ಘಮ.

"ನಿನ್ನ ಅಂಗಡಿಗೆ ಹಿಂಬಾಗಿಲು ಇಲ್ವಲ್ಲ?"

ಪರಿಮಳಯ್ಯ ನಕ್ಕ. "ಹಿಂಬಾಗಿಲು ಇಟ್ರೆ ಗಿರಾಕಿ ಆ ಕಡೆಯಿಂದ ಹೋಗಿಬಿಡ್ತಾರೆ, ಯಜಮಾನ್ರೇ."

ಚೂಪಯ್ಯ ನಗಲಿಲ್ಲ. ಮನೆಗೆ ಬಂದ. ಅಂದಿನಿಂದ ಅವನಿಗೆ ನಿದ್ದೆ ಹತ್ತಲಿಲ್ಲ. ಮಳೆಗಾಲ ಮುಗಿಯುತ್ತಾ ಬಂದಿತ್ತು.

ಚಳಿ ಶುರುವಾಗುತ್ತಲೇ ಕೆರೆಗೆ ಹೆಬ್ಬಾತುಗಳು ಬಂದಿಳಿದವು. ಹಿಮದ ನಾಡಿನಿಂದ ಪ್ರತಿ ವರ್ಷ ಬರುವ ಹಕ್ಕಿಗಳು ಅವು. ಅವುಗಳಲ್ಲಿ ಬೆಳ್ಳಕ್ಕ ಎಂಬವಳು ತುಂಗವ್ವನ ಗೆಳತಿ. ಅವಳು ಎಂದಿನಂತೆ ಪಡುವಣ ಕಡೆಯಿಂದ ಬಂದಳು. ಬಿಲದ ಬಾಯಿ ಸಿಗಲಿಲ್ಲ. ಸುತ್ತಿಕೊಂಡು ಈ ಕಡೆಗೆ ಬಂದಳು.

"ಚೂಪಣ್ಣ, ಆ ಕಡೆ ಬಾಯಿಗೆ ಮಣ್ಣು ತುಂಬಿದೆಯಲ್ಲ. ತುಂಗವ್ವ ಎಲ್ಲಿ?"

ಚೂಪಯ್ಯ ಕಂಪ್ಯೂಟರ್ ಹಾಕಿದ. ತುಂಗವ್ವನ ದನಿ ಬಂತು. ಬೆಳ್ಳಕ್ಕನಿಗೆ ಅರ್ಥವಾಯಿತು. ರೆಕ್ಕೆ ಮಡಚಿ ಪಕ್ಕದಲ್ಲಿ ಕೂತಳು.

ಆಮೇಲೆ ಅವನು ಡಂಗುರದ ಸುದ್ದಿ ಹೇಳಿದ.

"ಇಷ್ಟೇ ತಾನೆ? ಲಿನಕ್ಸ್ ಹಾಕ್ಕೋ," ಎಂದಳು ಬೆಳ್ಳಕ್ಕ. "ಅದೂ ಒಂದು ವ್ಯವಸ್ಥೆ. ಹಳೇ ಕಂಪ್ಯೂಟರ್‌ನಲ್ಲೂ ಓಡುತ್ತೆ. ಚಮರೀಮೃಗಗಳ ನಾಡಲ್ಲಿ ಶಾಲೆಗಳಿಗೆಲ್ಲ ಅದನ್ನೇ ಹಾಕಿದಾರೆ. ಒಂಟೆಗಳ ನಾಡಲ್ಲಿ ಕಚೇರಿಗೂ ಬಂದಿದೆ. ಮೊದಮೊದಲು ಅಲ್ಲೊಂದು ಇಲ್ಲೊಂದು ಕಾಣ್ತಿತ್ತು. ಈಗ ಇಳಿದ ಕೆರೆಯಲ್ಲೆಲ್ಲ ಅದರದೇ ಮಾತು."

"ಏನು ಕೊಡಬೇಕು?"

"ಏನೂ ಕೊಡಬೇಕಾಗಿಲ್ಲ."

ಚೂಪಯ್ಯನ ಬೆನ್ನ ಮುಳ್ಳುಗಳು ಸರ್ರನೆ ಎದ್ದು ನಿಂತವು. ಅವನ ತಮ್ಮ ಸತ್ತದ್ದು ಬಿಟ್ಟಿ ಹಲಸಿನ ತೊಳೆ ತಿನ್ನಲು ಹೋಗಿ. ತೊಳೆಯ ಕೆಳಗೆ ಬೇಟೆಗಾರರ ಉರುಳು ಇತ್ತು.

"ನಿನ್ನನ್ನ ಯಾರು ಕಳಿಸಿದ್ದು?" ಎಂದ.

"ಚಳಿ ಕಳಿಸ್ತು."

"ತಮಾಷೆ ಬೇಡ. ಬಿಟ್ಟಿ ಕೊಟ್ರೆ ಅವರಿಗೇನು ಲಾಭ?"

ಬೆಳ್ಳಕ್ಕ ಕೊಕ್ಕಿನಿಂದ ರೆಕ್ಕೆ ತೀಡಿಕೊಂಡಳು. "ನಾವು ಸಾಲಾಗಿ ಹಾರ್ತೀವಲ್ಲ, ಮುಂದಿನವಳು ಗಾಳಿ ಸೀಳ್ತಾಳೆ. ಹಿಂದಿನವರಿಗೆ ಹಗುರ ಆಗುತ್ತೆ. ಅವಳು ದಣಿದ್ರೆ ಹಿಂದಕ್ಕೆ ಬರ್ತಾಳೆ, ಇನ್ನೊಬ್ಬಳು ಮುಂದೆ ಹೋಗ್ತಾಳೆ. ಅವಳಿಗೆ ಕೂಲಿ ಯಾರು ಕೊಡ್ತಾರೆ ಹೇಳು? ಲಿನಕ್ಸ್ ಕಟ್ಟಿದವರೂ ಹಾಗೇ. ಅದರ ಒಳಗೆ ಬರೆದದ್ದೆಲ್ಲ ತೆರೆದಿಟ್ಟಿದಾರೆ. ಯಾರು ಬೇಕಾದ್ರೂ ನೋಡಬಹುದು."

"ನನಗೆ ಓದೋಕೆ ಬರಲ್ಲ."

"ಬರೋರು ಓದ್ತಾರೆ. ಹುಳುಕು ಕಂಡ್ರೆ ನಾಡೆಲ್ಲ ಕೇಳೋ ಹಾಗೆ ಕೂಗ್ತಾರೆ."

"ತೊಂದರೆಯೇ ಇಲ್ವಾ ಹಾಗಾದ್ರೆ?"

"ಯಾಕಿಲ್ಲ? ಹೊಸದರಲ್ಲಿ ಯಾವುದು ಎಲ್ಲಿದೆ ಗೊತ್ತಾಗಲ್ಲ. ಹೊಸ ಕೆರೆಗೆ ಇಳಿದ ಹಾಗೆ."

ಚೂಪಯ್ಯನಿಗೆ ಆ ಮಾತು ಕೊಂಚ ಹಿಡಿಸಿತು. ಪರಿಮಳಯ್ಯ ಒಂದು ತೊಂದರೆಯನ್ನೂ ಹೇಳಿರಲಿಲ್ಲ. ಆದರೂ ಮುಳ್ಳು ಇಳಿಯಲಿಲ್ಲ.

"ಹೊರಗೆ ಬರೋ ಬಾಯಿ ಎಲ್ಲಿದೆ?" ಎಂದು ಕೇಳಿದ.

ಬೆಳ್ಳಕ್ಕ ರೆಕ್ಕೆಯ ಸಂದಿಯಿಂದ ಒಂದು ಪುಟ್ಟ ಪೆನ್‌ಡ್ರೈವ್ ತೆಗೆದಳು. "ಇದರೊಳಗೆ ಲಿನಕ್ಸ್ ಇದೆ. ಚುಚ್ಚಿ ನೋಡು. ನಿನ್ನ ಕಂಪ್ಯೂಟರ್‌ನಲ್ಲಿ ಒಂದು ಕಾಳೂ ಅಲುಗಲ್ಲ. ಬೇಡ ಅನ್ನಿಸಿದ್ರೆ ಕಿತ್ತುಕೋ, ಮೊದಲಿನ ಹಾಗೇ ಇರುತ್ತೆ. ನನ್ನನ್ನ ನಂಬು ಅಂತ ನಾನು ಹೇಳ್ತಿಲ್ಲ, ಚೂಪಣ್ಣ. ನೋಡು ಅಂತಿದೀನಿ."

ಹೊರಡುವಾಗ ಅವಳಿಗೆ ಏನೋ ನೆನಪಾಯಿತು. "ನಿಮ್ಮ ಪರಿಮಳಯ್ಯನ ಹೆಸರು ನದಿ ಆಚೆ ಕಾಡಲ್ಲೂ ಕೇಳಿದೆ. ಅಲ್ಲಿ ಅವನು ಹೊಸ ಕಂಪ್ಯೂಟರ್ ಮಾರ್ತಾನೆ. ಎಲ್ಲದರಲ್ಲೂ ಲಿನಕ್ಸೇ. ಒಂದನ್ನ ಮುಟ್ಟಿ ನೋಡಿದೆ. ಹೊಸದು ಅಂತಾರೆ, ಕೀಲಿ ಒತ್ತಿದ್ರೆ ಅಂಟುತ್ತೆ. ಜೇನಿನ ವಾಸನೆ ಬೇರೆ."

ಚೂಪಯ್ಯ ಒಮ್ಮೆಲೇ ತಲೆ ಎತ್ತಿದ. ಜೇನು ಮೆತ್ತಿದ ಕೈಯಲ್ಲಿ ಕಂಪ್ಯೂಟರ್ ಒತ್ತುವವನು ಈ ಕಾಡಿನಲ್ಲಿ ಒಬ್ಬನೇ. ದೊಡ್ಡೀರಪ್ಪ. ಅವನ ಕಂಪ್ಯೂಟರನ್ನು ಮಣ್ಣು ಮಾಡಿಯಾಗಿದೆ ಎಂದಿದ್ದ ಪರಿಮಳಯ್ಯ.

ಬೆಳ್ಳಕ್ಕ ಹೋದ ಮೇಲೆ ಚೂಪಯ್ಯ ಪೆನ್‌ಡ್ರೈವನ್ನು ಮೂಸಿದ. ಕೆರೆಯ ನೀರಿನ ವಾಸನೆ, ಅಷ್ಟೇ. ಚುಚ್ಚಿದ. ಪರದೆ ಬೇರೆ ಬಣ್ಣಕ್ಕೆ ತಿರುಗಿತು. ತುಂಗವ್ವನ ದನಿ ಎಲ್ಲಿದೆ ಎಂದು ಹುಡುಕಿದ. ಸಿಗಲಿಲ್ಲ. ಮತ್ತೆ ಹುಡುಕಿದ.

"ಏನೂಂದ್ರೆ, ಕೇಳುಸ್ತಾ?"

ಕೇಳಿಸಿತು. ಚೂಪಯ್ಯ ಪೆನ್‌ಡ್ರೈವ್ ಕಿತ್ತು ನೋಡಿದ. ಹಳೆಯದು ಹಳೆಯದರಂತೆಯೇ ಇತ್ತು. ಮತ್ತೆ ಚುಚ್ಚಿದ. ಮತ್ತೆ ಅವಳು ಮಾತಾಡಿದಳು. ಹೋಗಲೂ ಬರಲೂ ದಾರಿ ಇತ್ತು. ಆಗ ಅವನ ಮುಳ್ಳುಗಳು ಒಂದೊಂದಾಗಿ ಮಲಗಿದವು.

ಮರುದಿನ ಬೆಳಿಗ್ಗೆ ಅವನು ಕಂಪ್ಯೂಟರನ್ನು ಬೆನ್ನ ಮೇಲೆ ಹೇರಿಕೊಂಡು ಅಂಗಡಿಗೆ ಹೋದ. ಹಿಂದೆ ಅವನು ಕರೆತಂದ ದೊಡ್ಡೀರಪ್ಪ. ಅವನ ಹಿಂದೆ ಏನೋ ನಡೆಯಲಿದೆ ಎಂದು ನೋಡಲು ಬಂದ ಕಾಡೆಲ್ಲ.

"ಬಂದ್ರಾ! ಬುದ್ಧಿ ಬಂತು ನೋಡಿ ಕೊನೆಗೂ," ಎಂದು ಪರಿಮಳಯ್ಯ ಹೊರಗೆ ಬಂದು ಕೈ ಚಾಚಿದ.

"ಕೊಡ್ತೀನಿ," ಎಂದ ಚೂಪಯ್ಯ. "ಆದ್ರೆ ಇದರಲ್ಲಿ ನನ್ನವಳಿದಾಳೆ. ಇದಕ್ಕೆ ಮೊದಲ ಹಿಡಿ ಮಣ್ಣು ನಾನೇ ಹಾಕಬೇಕು. ಅದು ನಮ್ಮ ಪದ್ಧತಿ. ದೊಡ್ಡೀರಪ್ಪಂದು ಎಲ್ಲಿ ಹೂತಿದೀಯ? ಅದರ ಪಕ್ಕದಲ್ಲೇ ಹೂಳೋಣ."

ಪರಿಮಳಯ್ಯನ ಮೀಸೆ ಅದುರಿತು. "ಅಲ್ಲಿ... ಆ ಬಿದಿರುಮೆಳೆ ಹತ್ರ."

ಮುಳ್ಳುಹಂದಿಗೆ ಯಾವ ಸುಳ್ಳು ಹೇಳಿದರೂ ಮಣ್ಣಿನ ಸುಳ್ಳು ಹೇಳಬಾರದು. ಚೂಪಯ್ಯ ಬಿದಿರುಮೆಳೆಯ ಬುಡ ಮೂಸಿದ. ಒಂದು ಗೆರೆ ಕೆರೆದ.

"ಈ ಮಣ್ಣನ್ನ ನಮ್ಮಜ್ಜನ ಕಾಲದಿಂದ ಯಾರೂ ಮುಟ್ಟಿಲ್ಲ," ಎಂದ.

ದೊಡ್ಡೀರಪ್ಪ ತಿರುಗಿದ. "ಹಾಗಾದ್ರೆ ನನ್ನದು ಎಲ್ಲೋ?"

"ನದಿ ಆಚೆ. ಲಿನಕ್ಸ್ ಹಾಕಿ ಹೊಸದು ಅಂತ ಮಾರಿದಾನೆ. ನಿನ್ನ ಜೇನು ಇನ್ನೂ ಅಂಟ್ಕೊಂಡಿದೆಯಂತೆ."

ಪರಿಮಳಯ್ಯ ಸರಕ್ಕನೆ ಅಂಗಡಿಯೊಳಗೆ ನುಗ್ಗಿದ. ದೊಡ್ಡೀರಪ್ಪ ಅವನ ಹಿಂದೆಯೇ ಹೋಗಿ ಬಾಗಿಲಲ್ಲಿ ಕೂತ. ಗವಿಯ ಬಾಯಿ ಪೂರ್ತಿ ಮುಚ್ಚಿಹೋಯಿತು. ಒಳಗೆ ಪರಿಮಳಯ್ಯ ಆ ಗೋಡೆ ಈ ಗೋಡೆ ಪರಚಿದ. ಎಲ್ಲ ಕಲ್ಲು.

"ಹಿಂದಿನಿಂದ ಹೋಗಯ್ಯ," ಎಂದ ದೊಡ್ಡೀರಪ್ಪ. "ನಾನೇನು ಬೇಡ ಅಂದ್ನಾ?"

ಕಾಡು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಗವಿಯ ಮೂಲೆಯಲ್ಲಿ ಚಾಪೆ ಮುಚ್ಚಿದ ರಾಶಿ ಇತ್ತು. ಎಲ್ಲ 'ಸತ್ತ' ಕಂಪ್ಯೂಟರುಗಳು. ಒಂದೊಂದನ್ನೇ ಹಾಕಿ ನೋಡಿದರು. ಒಂದೊಂದೂ ಎದ್ದು ಕೂತಿತು. ಎಲ್ಲದರಲ್ಲೂ ಲಿನಕ್ಸ್ ಆಗಲೇ ಓಡುತ್ತಿತ್ತು. ಅವರವರದು ಅವರವರು ಹೊತ್ತುಕೊಂಡು ಹೋದರು. ದೊಡ್ಡೀರಪ್ಪನದು ನದಿ ಆಚೆ ಉಳಿಯಿತು, ಆದರೆ ಕೊಟ್ಟ ಜೇನು ಅವನಿಗೆ ವಾಪಸ್ ಸಿಕ್ಕಿತು.

ಪರಿಮಳಯ್ಯನನ್ನು ಕಾಡಿನಿಂದ ಓಡಿಸಿದರು. ಅವನು ಬೇರೆ ಕಾಡಿಗೆ ಹೋದ. ಆದರೆ ಅವನಿಗಿಂತ ಮುಂಚೆ ಅವನ ಘಮ ಹೋಗುತ್ತಿತ್ತು. ಅದಕ್ಕಿಂತ ಮುಂಚೆ ಸುದ್ದಿ ಹೊತ್ತ ಹೆಬ್ಬಾತುಗಳು ಹೋಗುತ್ತಿದ್ದವು. ಮೂಗಿಗೆ ಘಮ ಬಡಿದ ಕೂಡಲೇ ಎಲ್ಲರೂ ಬಾಗಿಲು ಹಾಕಿಕೊಂಡರು.

ಪರಿಮಳಯ್ಯನನ್ನು ಓಡಿಸಿದ ದಿನ ಮುಸ್ಸಂಜೆ ಚೂಪಯ್ಯ ಕಂಪ್ಯೂಟರ್ ಹಾಕಿಕೊಂಡು ಕೂತ. ಹುತ್ತದ ಮಾತು ಬಂತು. ಹಾವಿನ ಮಾತು ಬಂತು. ಕೈ ನಿಲ್ಲಿಸಲು ಹೋಯಿತು. ಹಿಂದಕ್ಕೆ ತೆಗೆದುಕೊಂಡ. ಇಷ್ಟು ದಿನ ಕೇಳದ ಕೊನೆಯ ಮಾತು ಬಂತು.

"ಸರಿ, ಗೆಡ್ಡೆ ತರೋಕೆ ಹೊರಟೆ. ಪಡುವಣ ಕಡೆಯಿಂದ ಬರ್ತೀನಿ. ಮಣ್ಣುಗಿಣ್ಣು ಬಿದ್ದಿದ್ರೆ ತೆಗೆದಿಡಿ."

ಆ ಬಾಯಿಗೆ ಮಣ್ಣು ತುಂಬಿದವನು ಚೂಪಯ್ಯನೇ. ಅವಳು ಹೋದ ದಿನ ತುಂಬಿದ್ದ. ಕಾಡೆಲ್ಲ ಎರಡನೇ ಬಾಯಿ ಎಲ್ಲಿ ಎಂದು ಕೇಳಿಕೊಂಡು ತಿರುಗಿದವನು ಇಷ್ಟು ದಿನವೂ ಒಂದೇ ಬಾಯಿಯ ಬಿಲದಲ್ಲಿ ಕೂತಿದ್ದ.

ಅವನು ಎದ್ದು ಹೋಗಿ ಮಣ್ಣು ಕೆರೆದ. ಮೆಲ್ಲಗೆ ಕೆರೆದ. ಕೊನೆಗೆ ಪಡುವಣದ ಬೆಳಕು ಒಳಗೆ ಬಂತು. ಅದರ ಜೊತೆಗೆ ಗಾಳಿ ಬಂತು. ಗಾಳಿಯಲ್ಲಿ ಕೆರೆಯ ಮೇಲಿನ ಹೆಬ್ಬಾತುಗಳ ಕೂಗು ಬಂತು.

ನೀತಿ: ಅನುಮಾನ ಪಡುವುದು ತಪ್ಪಲ್ಲ. ಬಿಟ್ಟಿ ಕೊಡುವವನನ್ನೂ ಪರೀಕ್ಷಿಸು, ಬೆಲೆ ಕೇಳುವವನನ್ನೂ ಪರೀಕ್ಷಿಸು. ಒಳಗೆ ಕರೆಯುವವರು ಬಹಳ ಜನ. ಹೊರಗೆ ಹೋಗುವ ದಾರಿಯನ್ನು ಮೊದಲೇ ತೋರಿಸುವವನನ್ನು ನಂಬು.